ಅರಗಿನ ಪ್ಲೇಟಿನಲ್ಲಿ ಉಳಿದ ಮಾತು

ಇಪ್ಪತ್ತನೆಯ ಶತಮಾನದ ಆರಂಭದ ದಿನಗಳು. ಶಾಂಘೈ ನಗರದ ಟಿಬೆಟ್ ರಸ್ತೆಯಲ್ಲಿ ಲಬಾನ್ಸಾ ಎಂಬ ಫ್ರೆಂಚ್ ಆಸಾಮಿ ಒಂದು ಸಣ್ಣ ಮಳಿಗೆ ಹಾಕಿಕೊಂಡು, ಮುಂದೆ ಗ್ರಾಮಫೋನ್ ಇಟ್ಟುಕೊಂಡು ಕೂರುತ್ತಿದ್ದನಂತೆ. ಹತ್ತು ಸೆಂಟ್ ಕೊಟ್ಟರೆ ಒಂದು ಪ್ಲೇಟು ಕೇಳಿಸುತ್ತಿದ್ದ. ಆ ಪ್ಲೇಟಿನಲ್ಲಿ ಇದ್ದದ್ದು ಬಿಳಿಯರು ಹೊಟ್ಟೆ ಹಿಡಿದುಕೊಂಡು ನಗುವ ಸದ್ದು, ಅಷ್ಟೆ. ಕೇಳಿಯೂ ನಗದೆ ಇದ್ದವರಿಗೆ ದುಡ್ಡು ವಾಪಸ್ ಅಂತ ಬೇರೆ ಸಾರಿದ್ದ. ವಾಪಸ್ ಪಡೆದವರು ಹೆಚ್ಚು ಮಂದಿ ಇರಲಿಕ್ಕಿಲ್ಲ ಬಿಡಿ. ಅದೇ ಆಸಾಮಿ ಮುಂದೆ, 1908ರ ಹೊತ್ತಿಗೆ, ಫ್ರಾನ್ಸಿನ ಪಾಥೆ ಕಂಪನಿಯ ಶಾಂಘೈ ವ್ಯಾಪಾರವನ್ನು ಕಟ್ಟಿ ನಿಲ್ಲಿಸಿದ.

ಈ ಕತೆಯನ್ನು ಚೀನಾದ ಗ್ರಾಮಫೋನ್ ಇತಿಹಾಸ ಬರೆಯುವವರು ತಪ್ಪದೆ ಹೇಳುತ್ತಾರೆ. ನನಗೆ ಇದರಲ್ಲಿ ಇಷ್ಟವಾದದ್ದು ಆತನ ವ್ಯಾಪಾರಬುದ್ಧಿ. ನಗುವಿಗೆ ಅನುವಾದ ಬೇಡ. ಆದರೆ ನಗುವನ್ನು ಒಬ್ಬನಿಗೆ ಒಂದು ಸಲ ಮಾರಬಹುದು, ಹೆಚ್ಚೆಂದರೆ ಎರಡು ಸಲ. ದಿನಾ ಸಂಜೆ ಮನೆಯಲ್ಲಿ ಕೀ ಕೊಟ್ಟು ಕೇಳಬೇಕು ಅಂದರೆ ಹಾಡು ಬೇಕು. ಹಾಡು ಅಂದಮೇಲೆ ಭಾಷೆ ಬಂತು. ಅಲ್ಲಿಂದ ಶುರುವಾಯಿತು ನೋಡಿ ತಾಪತ್ರಯ. ಪಾಥೆ, ವಿಕ್ಟರ್, ಕೊಲಂಬಿಯಾ, ಎಡಿಸನ್, ಬೇಕಾ, ಎಲ್ಲರೂ ‘ಚೈನೀಸ್ ರೆಕಾರ್ಡ್’ ಮಾರಲು ಹೊರಟರು. ಯಾವ ಚೈನೀಸ್?

ನಾವು ಕನ್ನಡದವರಿಗೆ ಈ ಪ್ರಶ್ನೆ ಸ್ವಲ್ಪ ವಿಚಿತ್ರ ಅನ್ನಿಸಬಹುದು. ನಮ್ಮಲ್ಲಿ ಧಾರವಾಡದ ಮಾತು, ಕುಂದಾಪುರದ ಮಾತು, ಚಾಮರಾಜನಗರದ ಮಾತು ಬೇರೆ ಬೇರೆ ನಿಜ. ಆದರೆ ‘ಹೋಗ್ತೀನಿ’, ‘ಹೋಕ್ಕೀನಿ’, ‘ಹೋತೆ’ ಅಂತ ಬರೆದರೆ ಯಾರ ಬಾಯಿಂದ ಬಂದದ್ದು ಅಂತ ಕಾಗದದ ಮೇಲೇ ಗೊತ್ತಾಗುತ್ತದೆ. ನಮ್ಮ ಲಿಪಿ ಸದ್ದನ್ನು ಹಿಡಿಯುತ್ತದೆ. ಚೀನೀ ಲಿಪಿ ಹಿಡಿಯುವುದು ಮುಖ್ಯವಾಗಿ ಅರ್ಥವನ್ನು. ‘ಮನುಷ್ಯ’ ಎಂಬುದಕ್ಕೆ ಎರಡೇ ಗೀಟಿನ ಒಂದು ಅಕ್ಷರ ಇದೆ. ಬೀಜಿಂಗಿನವರು ಅದನ್ನು ‘ರೆನ್’ ಅಂತ ಓದುತ್ತಾರೆ, ಕ್ಯಾಂಟನ್ ಕಡೆಯವರು ‘ಯಾನ್’ ಅನ್ನುತ್ತಾರೆ, ಫುಜಿಯೆನ್ ಕರಾವಳಿಯ ಹೊಕ್ಕಿಯೆನ್ ಜನ ಮನುಷ್ಯನಿಗೆ ‘ಲಾಂಗ್’ ಅನ್ನುತ್ತಾರೆ. ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಥವಾಗುವುದಿಲ್ಲ. ಬರೆದು ತೋರಿಸಿದರೆ ಆಗುತ್ತದೆ. ಸಾವಿರಾರು ವರ್ಷ ಆ ದೇಶ ನಡೆದದ್ದೇ ಹೀಗೆ. ಪುಸ್ತಕ, ಸರ್ಕಾರಿ ಆದೇಶ, ಪತ್ರಿಕೆ ಎಲ್ಲ ಕಣ್ಣಿಗಾಗಿ ಇದ್ದವು. ಕಣ್ಣಿಗೆ ಚೀನಾ ಒಂದೇ.

ಗ್ರಾಮಫೋನ್‌ಗೆ ಕಣ್ಣಿಲ್ಲ. ಪ್ಲೇಟಿನ ಮೇಲೆ ಮುಳ್ಳು ಇಟ್ಟ ತಕ್ಷಣ ‘ರೆನ್’ ಅನ್ನಬೇಕೋ ‘ಯಾನ್’ ಅನ್ನಬೇಕೋ ತೀರ್ಮಾನ ಆಗಿಹೋಗಿರುತ್ತದೆ. ಸದ್ದು ಅನ್ನುವುದು ಊರಿನ ಹೆಸರು ಹೇಳದೆ ಬಾಯಿಂದ ಹೊರಡುವುದೇ ಇಲ್ಲ.

ಇದು ನನಗೆ ಥಟ್ಟನೆ ಹೊಳೆದದ್ದಕ್ಕೆ ನನ್ನ ಕೆಲಸ ಕಾರಣ ಇರಬೇಕು. ಸಾಫ್ಟ್‌ವೇರಿನಲ್ಲಿ ಭಾಷೆಗಳಿಗೆ ಪುಟ್ಟ ಪುಟ್ಟ ಸಂಕೇತಗಳಿವೆ. ಕನ್ನಡಕ್ಕೆ ‘ಕೆಎನ್’. ಚೈನೀಸ್‌ಗೆ ‘ಝಡ್‌ಎಚ್’. ಪರದೆಯ ಮೇಲೆ ಅಕ್ಷರ ತೋರಿಸುವ ಆ್ಯಪ್ ಆದರೆ ‘ಝಡ್‌ಎಚ್’ ಅಂತ ಹಾಕಿ ಕೈತೊಳೆದುಕೊಳ್ಳಬಹುದು. ದನಿಗೆ ಸಂಬಂಧಪಟ್ಟ ಕೆಲಸ ಬಂದಾಗ ಮಾತ್ರ ಆ ಒಂದು ಸಂಕೇತ ಸಾಲುವುದಿಲ್ಲ; ಮ್ಯಾಂಡರಿನ್, ಕ್ಯಾಂಟನೀಸ್, ಹೊಕ್ಕಿಯೆನ್, ಹಕ್ಕಾ ಒಂದೊಂದಕ್ಕೂ ಬೇರೆ ಸಂಕೇತ ಬೇಕು. ಸಂಕೇತಗಳ ಪಟ್ಟಿ ಮಾಡಿದವರಿಗಿಂತ ಬಹಳ ಮೊದಲೇ ಈ ಪೆಟ್ಟು ತಿಂದವರು ಪ್ಲೇಟು ಮಾರುವವರು.

ಮೊದಲ ದೊಡ್ಡ ಪ್ರಯತ್ನ ಫ್ರೆಡ್ ಗೈಸ್‌ಬರ್ಗ್ ಅವರದ್ದು. ಈ ಹೆಸರು ನಮ್ಮ ಸಂಗೀತಪ್ರಿಯರಿಗೆ ಹೊಸದಲ್ಲ. 1902ರ ನವೆಂಬರಿನಲ್ಲಿ ಕಲ್ಕತ್ತೆಯ ಹೋಟೆಲ್ ಕೋಣೆಯಲ್ಲಿ ಗೌಹರ್ ಜಾನ್ ಹಾಡನ್ನು ಮುದ್ರಿಸಿಕೊಂಡವರು ಇವರೇ. ಲಂಡನ್ನಿನ ಗ್ರಾಮಫೋನ್ ಕಂಪನಿ ಇವರನ್ನು ಪೂರ್ವದೇಶಗಳಿಗೆಲ್ಲ ಹೋಗಿ ದನಿ ಹಿಡಿದುಕೊಂಡು ಬನ್ನಿ ಅಂತ ಹಡಗು ಹತ್ತಿಸಿತ್ತು. ಕಲ್ಕತ್ತೆ ಮುಗಿಸಿ, 1903ರ ಫೆಬ್ರವರಿಯಲ್ಲಿ ಟೋಕಿಯೊ ಮುಗಿಸಿ, ಮಾರ್ಚಿನಲ್ಲಿ ಶಾಂಘೈಗೆ ಬಂದಿಳಿದರು.

ಶಾಂಘೈಯಲ್ಲಿ ಅವರಿಗೆ ಏನಾಯಿತು ಎಂಬುದು ಅವರದ್ದೇ ಬರಹದಲ್ಲಿ ಇದೆ. ಮೊದಲ ದಿನ ಹತ್ತು ಮುದ್ರಣ ಮಾಡುವಷ್ಟರಲ್ಲಿ ತಾಳ, ಜಾಗಟೆ, ಡೋಲುಗಳ ಸದ್ದಿಗೆ ತಲೆ ಮರಗಟ್ಟಿ, ಯೋಚನೆ ಮಾಡಲಿಕ್ಕೂ ಆಗದೆ ನಿಲ್ಲಿಸಿದರಂತೆ. ಒಂದು ರಾಗಕ್ಕೂ ಇನ್ನೊಂದಕ್ಕೂ ಏನು ವ್ಯತ್ಯಾಸ ಅಂತ ಅವರಿಗೆ ತಿಳಿಯಲಿಲ್ಲ. ಆದರೂ ಬಿಡಲಿಲ್ಲ, ಮಾರ್ಚ್ 27ರ ಹೊತ್ತಿಗೆ 325 ಮುದ್ರಣ ಮುಗಿಸಿದ್ದರು, ಒಂದೊಂದಕ್ಕೆ ನಾಲ್ಕು ಡಾಲರ್ ಸಂಭಾವನೆ ಕೊಟ್ಟು.

ಗೈಸ್‌ಬರ್ಗ್ ಅವರನ್ನು ಗೇಲಿ ಮಾಡುವುದು ಸುಲಭ. ನಾನು ಮಾಡಲಾರೆ. ಆ ಕಾಲದ ಮುದ್ರಣ ಅಂದರೆ ಮೈಕ್ ಇಲ್ಲ, ಕರೆಂಟ್ ಇಲ್ಲ. ಗೋಡೆಯಿಂದ ಹೊರಚಾಚಿದ ಒಂದು ಕಹಳೆ. ಹಾಡುವವರು ಅದರೊಳಗೆ ಮುಖ ತೂರಿಸುವಷ್ಟು ಹತ್ತಿರ ನಿಂತು ಹಾಡಬೇಕು. ಆ ಸದ್ದಿನ ಬಲಕ್ಕೇ ಒಂದು ತೆಳು ಪೊರೆ ಅದುರಿ, ಮುಳ್ಳು ಮೇಣದ ಮೇಲೆ ಗೆರೆ ಕೊರೆಯಬೇಕು. ಪಿಸುಮಾತಿನಂಥ ಸದ್ದು ಗೆರೆಯಾಗುವುದೇ ಇಲ್ಲ. ಜಾಗಟೆಯಂಥ ಸದ್ದು ಬಂದರೆ ಮುಳ್ಳು ಹಾರಿಹೋಗುತ್ತದೆ. ಚೀನೀ ರಂಗಸಂಗೀತದಲ್ಲಿ ಜಾಗಟೆ ಎಂಬುದು ಪಕ್ಕವಾದ್ಯ ಅಲ್ಲ, ಅದೇ ಆಟದ ಬೆನ್ನುಮೂಳೆ. ಪಾತ್ರ ಯಾವಾಗ ತಿರುಗಬೇಕು, ಯಾವಾಗ ನಿಲ್ಲಬೇಕು, ಮಾತು ಮುಗಿದು ಹಾಡು ಯಾವಾಗ ಹುಟ್ಟಬೇಕು ಎಲ್ಲ ಅದರ ಕೈಯಲ್ಲಿ. ನಮ್ಮ ಯಕ್ಷಗಾನಕ್ಕೆ ಚೆಂಡೆ ಇದ್ದಂತೆ ಅಂದುಕೊಳ್ಳಿ. ಈಗ ಚೆಂಡೆಯವರನ್ನು ಕೋಣೆಯ ಆಚೆ ಮೂಲೆಗೆ ಕಳಿಸಿ, ಭಾಗವತರ ತಲೆಯನ್ನು ಕಹಳೆಯೊಳಗೆ ತೂರಿಸಿ, ‘ಪ್ರಸಂಗ ಎರಡೂವರೆ ನಿಮಿಷದಲ್ಲಿ ಮುಗಿಸಿ ಸ್ವಾಮಿ’ ಅಂದರೆ ಹೇಗಿರುತ್ತೆ? ಹಾಗಿತ್ತು ಎರಡೂ ಕಡೆಯವರ ಪಾಡು.

ಇಷ್ಟಾದ ಮೇಲೆ ಆ ಮೇಣದ ಮುದ್ರಣಗಳು ಹಡಗಿನಲ್ಲಿ ಜರ್ಮನಿಯ ಹ್ಯಾನೋವರ್‌ಗೆ ಹೋಗಬೇಕು. ಅಲ್ಲಿ ಲೋಹದ ಅಚ್ಚು ಆಗಿ, ಪ್ಲೇಟುಗಳಾಗಿ, ತಿಂಗಳುಗಟ್ಟಲೆ ಆದಮೇಲೆ ಮತ್ತೆ ಹಡಗಿನಲ್ಲಿ ಶಾಂಘೈಗೆ ಬರಬೇಕು. ಹ್ಯಾನೋವರ್‌ನ ಕಾರ್ಖಾನೆಯಲ್ಲಿ ಯಾರಿಗೂ ಚೀನೀ ಗೊತ್ತಿಲ್ಲ. ಹಾಡಿದವರ ಹೆಸರು ದಾಖಲೆಯಲ್ಲಿ ಇಳಿದದ್ದು ಒಬ್ಬ ಯುರೋಪಿಯನ್ ಗುಮಾಸ್ತ ತನ್ನ ಕಿವಿಗೆ ಕೇಳಿದಂತೆ ರೋಮನ್ ಅಕ್ಷರದಲ್ಲಿ ಗೀಚಿದ ಹಾಗೆ.

ಆ ಪ್ಲೇಟಿನ ಮೈ ಯಾವುದರಿಂದ ಆದದ್ದು ಅನ್ನುವುದೂ ನಮಗೆ ಸಂಬಂಧಪಟ್ಟದ್ದೇ. ಕಲ್ಲಿನ ಪುಡಿ, ಕಾಡಿಗೆಯಂಥ ಕಪ್ಪು, ಹತ್ತಿಯ ಎಳೆ, ಇವನ್ನೆಲ್ಲ ಹಿಡಿದಿಡುವ ಅಂಟು ಅಂದರೆ ಅರಗು. ಜಗತ್ತಿಗೆಲ್ಲ ಆ ಅರಗು ಹೆಚ್ಚಾಗಿ ಹೋಗುತ್ತಿದ್ದದ್ದು ಭಾರತದಿಂದ, ಛೋಟಾ ನಾಗಪುರದ ಕಾಡಿನ ಮುತ್ತುಗದಂಥ ಮರಗಳ ಮೇಲೆ ಕೂರುವ ಪುಟ್ಟ ಹುಳುವಿನಿಂದ, ಕಲ್ಕತ್ತೆಯ ಬಂದರಿನ ಮೂಲಕ. ಚನ್ನಪಟ್ಟಣದ ಬೊಂಬೆಗೆ ಮಿರುಗು ಕೊಡುವುದೂ ಅರಗೇ. ಪಾಂಡವರಿಗೆ ಅದರಲ್ಲಿ ಮನೆ ಕಟ್ಟಿಕೊಟ್ಟ ಕತೆ ನಮಗೆ ಗೊತ್ತು. ಬೀಜಿಂಗಿನ ನಟರ ದನಿಗೂ ಅದರಲ್ಲೇ ಮನೆ ಕಟ್ಟಿದ್ದರು ಅನ್ನುವುದು ನನಗೆ ಇತ್ತೀಚೆಗೆ ತಿಳಿದದ್ದು.

ಗೈಸ್‌ಬರ್ಗ್ ಹೋದ ದಾರಿಯಲ್ಲೇ ಉಳಿದವರೂ ಹೊರಟರು. ಬರ್ಲಿನ್ನಿನ ಬೇಕಾ ಕಂಪನಿಯ ತಂಡ 1905-06ರಲ್ಲಿ ಕಾನ್ಸ್ಟಾಂಟಿನೋಪಲ್‌ನಿಂದ ಕಲ್ಕತ್ತೆ, ಹಾಂಗ್‌ಕಾಂಗ್, ಶಾಂಘೈ ದಾಟಿ ಟೋಕಿಯೊವರೆಗೆ ಹೋಯಿತು. ಅವರು ಹಾಂಗ್‌ಕಾಂಗ್ ತಲುಪುವ ಹೊತ್ತಿಗೆ ಕೊಲಂಬಿಯಾದವರು ಆಗಷ್ಟೇ ತಮ್ಮ ಮುದ್ರಣ ಮುಗಿಸಿದ್ದರು. 1907ರಲ್ಲಿ ಗ್ರಾಮಫೋನ್ ಕಂಪನಿಯೂ ಅಮೆರಿಕದ ವಿಕ್ಟರ್ ಕಂಪನಿಯೂ ಕೂತು ಭೂಗೋಳವನ್ನೇ ಹಂಚಿಕೊಂಡವು. ಭಾರತ ಅವರಿಗೆ, ಚೀನಾ ಮತ್ತು ಜಪಾನ್ ಇವರಿಗೆ. ಹಾಗಾಗಿಯೇ ಅದೇ ನಾಯಿಯ ಚಿತ್ರ ನಮ್ಮಲ್ಲಿ ಎಚ್‌ಎಂವಿ ಆಯಿತು, ಶಾಂಘೈಯಲ್ಲಿ ವಿಕ್ಟರ್ ಆಯಿತು. ಹಾಡುವವರನ್ನಾಗಲಿ ಕೇಳುವವರನ್ನಾಗಲಿ ಯಾರೂ ಕೇಳಲಿಲ್ಲ ಅಂತ ಬೇರೆ ಹೇಳಬೇಕಿಲ್ಲ.

ನಾಯಿಗೆ ಎದುರಾಗಿ ನಿಂತದ್ದು ಪಾಥೆಯ ಹುಂಜ. ಚೀನೀಯರಲ್ಲಿ ಪಾಥೆಯ ಹೆಸರು ‘ಬೈದಾಯ್’ ಅಂತ. ಸದ್ದು ಪಾಥೆಗೆ ಹತ್ತಿರ, ಅರ್ಥ ‘ನೂರು ತಲೆಮಾರು’. ದನಿಯನ್ನು ಕೂಡಿಡುವ ಕಂಪನಿಗೆ ಇದಕ್ಕಿಂತ ಒಳ್ಳೆಯ ಹೆಸರು ಸಿಗುತ್ತಿರಲಿಲ್ಲ. ಯಂತ್ರದ ಹೆಸರೂ ಹಾಗೇ, ‘ಲ್ಯೂಶೆಂಗ್‌ಜೀ’, ದನಿಯನ್ನು ಉಳಿಸಿಕೊಳ್ಳುವ ಯಂತ್ರ. ನಾವು ಗ್ರಾಮಫೋನ್ ಅಂತಲೇ ಇಟ್ಟುಕೊಂಡೆವು. ಅವರಿಗೆ ಬಾಯಿಗೆ ಬಂದ ವಿದೇಶಿ ಸದ್ದಿಗಿಂತ ಅರ್ಥ ಕೊಡುವ ಅಕ್ಷರವೇ ಬೇಕು.

ಪಾಥೆಯ ಪ್ಲೇಟುಗಳು ಉಳಿದವರ ಪ್ಲೇಟುಗಳಂತಲ್ಲ. ವಿಕ್ಟರ್ ಪ್ಲೇಟಿನಲ್ಲಿ ಗೆರೆ ಅಕ್ಕಪಕ್ಕಕ್ಕೆ ಹೊಯ್ದಾಡುತ್ತದೆ, ಪಾಥೆಯಲ್ಲಿ ಮೇಲೆ-ಕೆಳಗೆ, ದಿಣ್ಣೆ-ತಗ್ಗಿನ ಹಾಗೆ. ಉಕ್ಕಿನ ಮುಳ್ಳು ಹಾಕಿದರೆ ಪ್ಲೇಟೇ ಹಾಳು. ಉರುಟು ತುದಿಯ ನೀಲದ ಕಲ್ಲು ಬೇಕು. ಮೊದಮೊದಲ ಪ್ಲೇಟುಗಳಂತೂ ಒಳಗಿನಿಂದ ಶುರುವಾಗಿ ಅಂಚಿಗೆ ಬಂದು ಮುಗಿಯುತ್ತಿದ್ದವು. ಅಂದರೆ ಪಾಥೆ ಹಾಡು ಬೇಕಿದ್ದರೆ ಪಾಥೆ ಪೆಟ್ಟಿಗೆಯನ್ನೇ ಕೊಳ್ಳಬೇಕು. ಫೋನಿಗೊಂದು ಚಾರ್ಜರ್ ಮಾಡಿ ನಮ್ಮ ತಲೆ ಬೋಳಿಸಿದವರು ಇದನ್ನು ಎಲ್ಲಿ ಕಲಿತರು ಅಂತ ನನಗೆ ಆಗಾಗ ಅನುಮಾನ ಬರುವುದುಂಟು.

ಆದರೂ ಪಾಥೆ ಗೆದ್ದಿತು. ಕಾರಣ ಯಂತ್ರ ಅಲ್ಲ. ಲಬಾನ್ಸಾಗೆ ಚೀನೀ ಸಂಗೀತ ಗೊತ್ತಿಲ್ಲ ಎಂಬುದು ಲಬಾನ್ಸಾಗೆ ಗೊತ್ತಿತ್ತು. ಅವನು ಜಾಂಗ್ ಚಾಂಗ್‌ಫು ಎಂಬ ಸ್ಥಳೀಯ ಮಧ್ಯವರ್ತಿಯನ್ನು ಇಟ್ಟುಕೊಂಡ. ಯಾವ ನಟನಿಗೆ ಈಗ ಹೆಸರಿದೆ, ಯಾವ ಹಾಡಿಗೆ ಜನ ಕೂತಲ್ಲೇ ತಲೆದೂಗುತ್ತಾರೆ, ಯಾರನ್ನು ಯಾರ ಮೂಲಕ ಕೇಳಿಸಬೇಕು, ಇದೆಲ್ಲ ಅಂಥವರ ಕೆಲಸ. ಕಂಪನಿಗಳ ಇತಿಹಾಸದಲ್ಲಿ ಇಂಥವರಿಗೆ ಒಂದು ಸಾಲು ಸಿಕ್ಕರೆ ಹೆಚ್ಚು. ನನ್ನ ಪ್ರಕಾರ ಚೀನೀ ರೆಕಾರ್ಡಿನ ನಿಜವಾದ ಸಂಪಾದಕರು ಇವರೇ. ನೂರು ವರ್ಷದ ಮೇಲೆ ನಾವು ಯಾರ ದನಿ ಕೇಳುತ್ತೇವೆ, ಯಾರದ್ದು ಕೇಳುವುದಿಲ್ಲ ಅಂತ ನಿರ್ಧರಿಸಿದವರು.

ಹಾಗೆ ಸಿಕ್ಕ ದನಿಗಳಲ್ಲಿ ಎಲ್ಲಕ್ಕಿಂತ ದೊಡ್ಡದು ತಾನ್ ಶಿನ್‌ಪೇಯ್ ಅವರದ್ದು. ಪೀಕಿಂಗ್ ಆಪೆರಾದಲ್ಲಿ ವಯಸ್ಸಾದ ಗಂಡುಪಾತ್ರಗಳಿಗೆ ಅವರೇ ರಾಜ. ರಾಜಮಾತೆ ತ್ಸಿಷಿಯ ಅರಮನೆಯಲ್ಲೂ ಹಾಡಿದವರು, 1905ರಲ್ಲಿ ಚೀನೀಯರು ತೆಗೆದ ಮೊದಲ ಸಿನಿಮಾದಲ್ಲೂ ನಟಿಸಿದವರು. ಆ ಸಿನಿಮಾ ಮೂಕಿ, ಅದೂ ಉಳಿದಿಲ್ಲ. 1917ರಲ್ಲಿ ಅವರು ತೀರಿಕೊಂಡ ಮೇಲೆ ಅವರ ಕಲೆಯಿಂದ ಉಳಿದದ್ದು ‘ಏಳೂವರೆ ಪ್ಲೇಟು’. ಚೀನಾದ ರಂಗಪ್ರಿಯರಲ್ಲಿ ಈ ಏಳೂವರೆ ಎಂಬ ಲೆಕ್ಕ ಗಾದೆಯಷ್ಟು ಪ್ರಸಿದ್ಧ. 1907ರ ಸುಮಾರಿಗೆ ಒಂದೂವರೆ, 1912ರ ಸುಮಾರಿಗೆ ಆರು. ಅರ್ಧ ಪ್ಲೇಟು ಅಂದರೆ ಒಂದು ಮಗ್ಗುಲು ಮಾತ್ರ ಅವರದ್ದು. ಆ ಒಂದೂವರೆಯಲ್ಲಿ ಪಿಟೀಲಿನ ಹಾಗೆ ಕಮಾನು ಹಾಕಿ ನುಡಿಸುವ ಎರಡು ತಂತಿಯ ಹೂಚಿನ್ ಹಿಡಿದವರು ಮೇಯ್ ಯೂಥಿಯೆನ್, ಮುಂದೆ ಜಗತ್ಪ್ರಸಿದ್ಧರಾದ ಮೇಯ್ ಲಾನ್‌ಫಾಂಗ್ ಅವರ ದೊಡ್ಡಪ್ಪ. ಹಾಡಿನಷ್ಟೇ ಆ ವಾದನವನ್ನೂ ಜನ ಇವತ್ತಿಗೂ ಕಿವಿ ಹತ್ತಿರ ಇಟ್ಟುಕೊಂಡು ಕೇಳುತ್ತಾರೆ.

ಒಬ್ಬ ಮನುಷ್ಯ ಅರವತ್ತು ವರ್ಷ ಮೀರುವ ತನಕ ಹಾಡಿದ್ದು ಹದಿನೈದು ಮಗ್ಗುಲಿಗೆ ಇಳಿಯಿತು. ಒಂದೊಂದು ಮಗ್ಗುಲು ಮೂರು ನಿಮಿಷ ಅಂತಿಟ್ಟುಕೊಂಡರೂ ಮುಕ್ಕಾಲು ಗಂಟೆ. ಮುಂದಿನ ಹುಡುಗರು, ಹವ್ಯಾಸಿಗಳು ಅವರ ಶೈಲಿಯನ್ನು ಈ ಮುಕ್ಕಾಲು ಗಂಟೆಯಿಂದ ಕಲಿತರು. ಪ್ಲೇಟು ಸವೆಯುವವರೆಗೆ ಹಾಕುವುದು, ಎಲ್ಲಿ ಉಸಿರು ತೆಗೆದುಕೊಂಡರು ಅಂತ ಗುರುತು ಮಾಡಿಕೊಳ್ಳುವುದು. ಪ್ಲೇಟುಗಳ ಸಾಹಿತ್ಯವನ್ನೆಲ್ಲ ಒಟ್ಟುಗೂಡಿಸಿದ ದಪ್ಪ ಪುಸ್ತಕಗಳೂ ಮುಂದೆ ಶಾಂಘೈಯಲ್ಲಿ ಭರ್ಜರಿಯಾಗಿ ಮಾರಾಟವಾದವು, ನಮ್ಮಲ್ಲಿ ಟಾಕೀಸಿನ ಹೊರಗೆ ಹಾಡಿನ ಪುಸ್ತಕ ಮಾರುತ್ತಿದ್ದರಲ್ಲ, ಹಾಗೆ.

ಎಲ್ಲಿ ಹೆಸರಿದೆಯೋ ಅಲ್ಲಿ ನಕಲಿಯೂ ಇದೆ. ತಾನ್ ಅವರ ಸಮಕಾಲೀನ ಸುನ್ ಜೂಶಿಯೆನ್ ಪ್ಲೇಟಿಗೆ ಹಾಡುವುದೇ ಇಲ್ಲ ಅಂತ ಹಟ ಹಿಡಿದವರು. ಆದರೂ ಅವರ ಹೆಸರಿನ ಪ್ಲೇಟುಗಳು ಅಂಗಡಿಯಲ್ಲಿ ಮಾರಾಟ ಆಗುತ್ತಿದ್ದವು! ಬೇರೆ ಯಾರೋ ಅವರ ದನಿ ಅನುಕರಿಸಿ ಹಾಡಿದ್ದು. ಕಂಪನಿಯ ದೊರೆಗಳಿಗೆ ಅಸಲಿ ಯಾವುದು ನಕಲಿ ಯಾವುದು ಅಂತ ಕೇಳಿ ಹೇಳುವ ಕಿವಿ ಇಲ್ಲದಿದ್ದರೆ ಆಗುವುದೇ ಹೀಗೆ.

ಪ್ಲೇಟು ಶುರುವಾಗುತ್ತಿದ್ದಂತೆ ಒಂದು ಗಟ್ಟಿ ದನಿ ಕೇಳುತ್ತದೆ: ಬೈದಾಯ್ ಕಂಪನಿಯವರು ವಿಶೇಷವಾಗಿ ಆಹ್ವಾನಿಸಿದ ಇಂಥ ಯಜಮಾನರು ಇಂಥ ಆಟದ ಹಾಡು ಹಾಡುತ್ತಾರೆ. ಇದು ಪಾಥೆಯ ಪದ್ಧತಿ. ಗೌಹರ್ ಜಾನ್ ತಮ್ಮ ಪ್ಲೇಟಿನ ಕೊನೆಯಲ್ಲಿ ತಾವೇ ಇಂಗ್ಲಿಷಿನಲ್ಲಿ ಹೆಸರು ಹೇಳಿಕೊಂಡದ್ದು ನಿಮಗೆ ನೆನಪಿರಬಹುದು. ಅದೇ ಗೌಹರ್ ಜಾನ್ ಕೊನೆಗೆ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಇದ್ದು 1930ರಲ್ಲಿ ಮೈಸೂರಿನಲ್ಲೇ ಕಣ್ಣುಮುಚ್ಚಿದರು. ಓದಲು ಬಾರದ ಲೇಬಲ್ಲಿನ ಕಾಲದಲ್ಲಿ ಹೆಸರು ಉಳಿಯಬೇಕಿದ್ದರೆ ದನಿಯಲ್ಲೇ ಉಳಿಯಬೇಕಿತ್ತು.

ಇದೆಲ್ಲ ಚೀನಾದ ಒಳಗಿನ ಮಾತಾಯಿತು. ನನ್ನ ಮನಸ್ಸಿನಲ್ಲಿ ಹೆಚ್ಚು ಹೊತ್ತು ಕೂತದ್ದು ಹೊರಗಿನದ್ದು.

ಎಡಿಸನ್ ಕಂಪನಿ 1902-03ರ ಸುಮಾರಿಗೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಚೀನೀ ಹಾಡುಗಾರರನ್ನು ಮೇಣದ ಸಿಲಿಂಡರುಗಳ ಮೇಲೆ ಮುದ್ರಿಸಿತು. ಪ್ಲೇಟಲ್ಲ, ಕೈಯಲ್ಲಿ ಹಿಡಿಯುವ ಲೋಟದಷ್ಟು ದೊಡ್ಡ ಉರುಳೆ. ಒಂದರಲ್ಲಿ ಎರಡು ನಿಮಿಷದ ಹಾಡು. ಎರಡು ನಿಮಿಷದಲ್ಲಿ ಆಪೆರಾ ಎಲ್ಲಿ ಹಿಡಿಸಬೇಕು? ಒಂದೇ ಕಥಾಭಾಗವನ್ನು ಹಲವು ಉರುಳೆಗಳಿಗೆ ಹರಿದು ಹಂಚಬೇಕಾಗುತ್ತಿತ್ತು. ಕೇಳುವವರು ಒಂದು ಮುಗಿದ ಮೇಲೆ ಎದ್ದು ಇನ್ನೊಂದು ಹಾಕಬೇಕು.

ಇದನ್ನು ಕೊಂಡು ಕೇಳುತ್ತಿದ್ದವರು ಯಾರು ಅಂತ ಒಂದು ಕ್ಷಣ ಯೋಚಿಸಿ. ಹೆಚ್ಚಿನವರು ಕ್ಯಾಂಟನ್ ಸುತ್ತಲಿನ ಕೆಲವೇ ತಾಲ್ಲೂಕುಗಳಿಂದ ಹೊಟ್ಟೆಪಾಡಿಗೆ ಹಡಗು ಹತ್ತಿದವರು. ರೈಲು ಹಳಿ ಹಾಸಿದವರು, ಬಟ್ಟೆ ಒಗೆಯುವ ಅಂಗಡಿ ಇಟ್ಟವರು. 1882ರಲ್ಲಿ ಅಮೆರಿಕ ಕಾನೂನು ಮಾಡಿ ಚೀನೀ ಕೂಲಿಕಾರರಿಗೆ ಬಾಗಿಲು ಹಾಕಿತ್ತು. ಒಳಗಿದ್ದ ಸಾಮಾನ್ಯ ಕೂಲಿಯವನು ಹೆಂಡತಿಯನ್ನು ಕರೆಸಿಕೊಳ್ಳುವಂತಿಲ್ಲ, ಊರಿಗೆ ಹೋದರೆ ಮತ್ತೆ ಒಳಗೆ ಬಿಡುತ್ತಾರೆ ಅನ್ನುವ ಭರವಸೆ ಇಲ್ಲ. ಚೈನಾಟೌನ್ ಅಂದರೆ ಬಹುಪಾಲು ಗಂಡಸರೇ ಇದ್ದ ಬೀದಿಗಳು. ದೇಶ ಇವರನ್ನು ಬೇಡ ಅನ್ನುತ್ತಿತ್ತು. ಅದೇ ದೇಶದ ಕಂಪನಿ ಇವರ ಜೇಬನ್ನು ಮಾತ್ರ ಬೇಕು ಅನ್ನುತ್ತಿತ್ತು. ಬೇಡ ಅಂದವರ ಕಾನೂನು ಪುಸ್ತಕದಲ್ಲಿ ಇದೆ, ಬೇಕು ಅಂದವರ ಕ್ಯಾಟಲಾಗಿನಿಂದ ಹಾಡುಗಳು ಉಳಿದಿವೆ. ಎರಡರಲ್ಲಿ ಯಾವುದು ಹೆಚ್ಚು ದೊಡ್ಡ ಉಪಕಾರ ಅಂತ ಕೇಳಿದರೆ ಉತ್ತರ ಸ್ವಲ್ಪ ಮುಜುಗರದ್ದೇ. ಮಾರಾಟದ ಆಸೆ ಇಲ್ಲದಿದ್ದರೆ ಆ ಬಡ ಒಗೆಯುವವರ ಮೆಚ್ಚಿನ ಹಾಡನ್ನು ಯಾರೂ ಮುದ್ರಿಸುತ್ತಿರಲಿಲ್ಲ. 1906ರ ಭೂಕಂಪ, ಬೆಂಕಿಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಚೈನಾಟೌನ್ ಪೂರ್ತಿ ಸುಟ್ಟುಹೋಯಿತು. ಅದಕ್ಕಿಂತ ಮುಂಚಿನ ಆ ಬೀದಿಗಳ ಸದ್ದು ಇರುವುದು ಈ ಉರುಳೆಗಳಲ್ಲಿ.

ಇಲ್ಲಿ ಒಂದು ತಿರುವು ಇದೆ. ಕ್ಯಾಂಟನ್ನಿನ ಆಪೆರಾ, ಕ್ಯಾಂಟನ್ನಿನ ಕೇಳುಗರು, ಆದ್ದರಿಂದ ಕ್ಯಾಂಟನೀಸ್ ಮಾತು ಅಂತ ನೀವು ಅಂದುಕೊಂಡರೆ ಅದು ಆ ಕಾಲಕ್ಕೆ ಹೊಂದುವುದಿಲ್ಲ. ಆಗಿನ ಕ್ಯಾಂಟನೀಸ್ ಆಪೆರಾ ಹಾಡುತ್ತಿದ್ದದ್ದು ಬಹುಪಾಲು ಉತ್ತರದ ಅಧಿಕಾರಿಗಳ ಭಾಷೆಯನ್ನು ಹೋಲುವ ಒಂದು ರಂಗಭಾಷೆಯಲ್ಲಿ. ಊರಿನ ಮಾತಿನಲ್ಲಿ ಹಾಡುವುದು ಹಾಸ್ಯಪಾತ್ರಗಳಿಗೆ ಸರಿ, ರಾಜನಿಗೆ ಹೇಗೆ ಸರಿ ಎಂಬ ಭಾವನೆ. ಜೊತೆಗೆ ನಾಯಕನ ಪಾತ್ರವನ್ನೂ ಗಂಟಲು ಬಿಗಿದ ಕೀಚು ದನಿಯಲ್ಲಿ ಹಾಡಬೇಕಿತ್ತು. ನಂತರ ಎರಡು-ಮೂರು ದಶಕಗಳಲ್ಲಿ ಇದೆಲ್ಲ ಬದಲಾಯಿತು. ಬಾಕ್ ಕೊಯ್‌ವಿಂಗ್ ಅವರಂಥ ನಟರು ಮನೆಮಾತಿನ ಕ್ಯಾಂಟನೀಸಿನಲ್ಲಿ, ಮಾತಾಡುವ ಸಹಜ ದನಿಯಲ್ಲಿ ಹಾಡತೊಡಗಿದರು. ಹಾಂಗ್‌ಕಾಂಗ್‌ನಲ್ಲಿ ಚೀನೀಯರದ್ದೇ ಆದ ನ್ಯೂ ಮೂನ್ ಕಂಪನಿ 1920ರ ದಶಕದ ಉತ್ತರಾರ್ಧದಲ್ಲಿ ಇಂಥ ಹಾಡುಗಳನ್ನು ಊರೂರಿಗೆ ತಲುಪಿಸಿತು.

ಈ ಬದಲಾವಣೆಯನ್ನು ನೀವು ಪುಸ್ತಕದಲ್ಲಿ ಹುಡುಕಿದರೆ ಸಿಗುವುದು ಕಷ್ಟ. ಯಾಕೆಂದರೆ ಹಾಡಿನ ಪಠ್ಯ ಎರಡು ಕಾಲದಲ್ಲೂ ಹೆಚ್ಚು ಕಡಿಮೆ ಅವೇ ಅಕ್ಷರಗಳು. ರಂಗಭಾಷೆಯಲ್ಲಿ ಓದಿದರೂ ಅದೇ, ಮನೆಮಾತಿನಲ್ಲಿ ಓದಿದರೂ ಅದೇ. ಒಂದು ಇಡೀ ಜನ ತಮ್ಮ ಆಟದಲ್ಲಿ ಪರರ ಉಚ್ಚಾರ ಬಿಟ್ಟು ತಮ್ಮ ಉಚ್ಚಾರಕ್ಕೆ ಬಂದರು ಅನ್ನುವಂಥ ದೊಡ್ಡ ಘಟನೆಯನ್ನು ಅವರದ್ದೇ ಲಿಪಿ ಬರೆದಿಟ್ಟುಕೊಳ್ಳಲಿಲ್ಲ. ಬರೆದಿಟ್ಟದ್ದು ಅರಗು ಮತ್ತು ಮೇಣ. ಅದೂ ಭಾಷೆ ಬಾರದವರು, ಲಾಭಕ್ಕಾಗಿ.

ತೈವಾನಿನಲ್ಲೂ ಹೀಗೇ. ಆಗ ಅದು ಜಪಾನಿನ ಆಳ್ವಿಕೆಯಲ್ಲಿತ್ತು. 1914ರಲ್ಲಿ ಜಪಾನಿನ ಕಂಪನಿಯೊಂದು ಹದಿನೈದು ಮಂದಿ ಹಕ್ಕಾ ವಾದ್ಯಗಾರರನ್ನು ಹಡಗಿನಲ್ಲಿ ಟೋಕಿಯೊಗೆ ಕರೆಸಿ ಮುದ್ರಿಸಿತು. ತೈವಾನಿನ ಮೊದಲ ವಾಣಿಜ್ಯ ಪ್ಲೇಟುಗಳು ಅವು. ಹಕ್ಕಾ ಜನ ಆ ದ್ವೀಪದಲ್ಲೂ ಅಲ್ಪಸಂಖ್ಯಾತರು.

ಸುನ್ ಯಾತ್‌ಸೆನ್ ಅವರದ್ದು ಹೇಳಲೇಬೇಕು. ಚೀನೀ ಗಣರಾಜ್ಯದ ಸ್ಥಾಪಕರ ದನಿ ಉಳಿದಿರುವುದು ಮೂರೇ ಪ್ಲೇಟುಗಳಲ್ಲಿ. 1924ರ ಮೇ ತಿಂಗಳಲ್ಲಿ ಶಾಂಘೈನ ಒಂದು ಸಂಜೆಪತ್ರಿಕೆಯವರು ಕ್ಯಾಂಟನ್ನಿಗೆ ಹೋಗಿ ಮುದ್ರಿಸಿಕೊಂಡದ್ದು. ಅವರು ಹೇಳಿದ್ದು ಇಡೀ ದೇಶಕ್ಕೆ, ಎದ್ದೇಳಿ ಅಂತ. ಆದರೆ ಒಂದು ಭಾಷೆಯಲ್ಲಿ ಹೇಳಿ ಮುಗಿಸಲು ಆಗಲಿಲ್ಲ. ನಾಲ್ಕು ಮಗ್ಗುಲು ಮ್ಯಾಂಡರಿನ್, ಎರಡು ಮಗ್ಗುಲು ಕ್ಯಾಂಟನೀಸ್. ಅವರ ಮ್ಯಾಂಡರಿನ್‌ನಲ್ಲಿ ದಕ್ಷಿಣದ ಹಳ್ಳಿಯ ಎಳೆತ ಹಾಗೇ ಇದೆ. ಭಾಷಣದ ಅಚ್ಚಾದ ಪ್ರತಿ ಓದಿದರೆ ರಾಷ್ಟ್ರನಾಯಕ ಕಾಣುತ್ತಾರೆ, ಪ್ಲೇಟು ಕೇಳಿದರೆ ಗುವಾಂಗ್‌ಡಾಂಗ್ ಪ್ರಾಂತ್ಯದ ಒಬ್ಬ ಮನುಷ್ಯ. ಮುಂದಿನ ವರ್ಷ ಮಾರ್ಚಿನಲ್ಲಿ ಅವರು ತೀರಿಕೊಂಡರು.

ಆಮೇಲಿನದ್ದು ಬೇರೆಯದೇ ಕಾಲ. 1925ರ ನಂತರ ಮೈಕ್ ಬಂತು, ಕಹಳೆ ಹೋಯಿತು. ಮೈಕಿನ ಮುಂದೆ ಕೂಗಬೇಕಿಲ್ಲವಾದ್ದರಿಂದ ಲೀ ಮಿಂಗ್‌ಹ್ವೇ ಎಂಬ ಹುಡುಗಿ ತನ್ನ ತಂದೆ ಬರೆದ ಮ್ಯಾಂಡರಿನ್ ಪ್ರೇಮಗೀತೆಯನ್ನು ಸಣ್ಣ ದನಿಯಲ್ಲಿ ಹಾಡಿ ಶಾಂಘೈಯನ್ನು ಮರುಳು ಮಾಡಿದಳು. ಸಾಹಿತಿ ಲೂ ಶುನ್‌ಗೆ ಅದು ಬೆಕ್ಕಿನ ಕತ್ತು ಹಿಸುಕಿದಂತೆ ಕೇಳಿತು. ಪಾಥೆ ಬ್ರಿಟಿಷರ ಕೈಗೆ ಹೋಯಿತು. ಶಾಂಘೈನ ಷುಜಿಯಾಹ್ವೇ ಬಡಾವಣೆಯಲ್ಲಿ ಅದರ ಕೆಂಪು ಇಟ್ಟಿಗೆಯ ಮನೆ ಈಗಲೂ ಇದೆ. ಮುಂದೆ ರಾಷ್ಟ್ರಗೀತೆಯಾದ ಹಾಡನ್ನು 1935ರಲ್ಲಿ ಮುದ್ರಿಸಿದ್ದು ಅದೇ ಪಾಥೆ. ರಾಷ್ಟ್ರಗೀತೆ, ಸಿನಿಮಾ, ರೇಡಿಯೊ ಎಲ್ಲ ಸೇರಿ ಚೀನಾಕ್ಕೆ ಕಿವಿಯೂ ಒಂದೇ ಇರಲಿ ಅಂತ ಪ್ರಯತ್ನ ಶುರುವಾದದ್ದು ಆಗ.

ಹಳೆಯವು ಎಲ್ಲಿ ಹೋದವು? ಅರಗಿನ ಪ್ಲೇಟು ಕೈತಪ್ಪಿದರೆ ಚೂರು. ಮೇಣದ ಉರುಳೆಗೆ ಬೂಷ್ಟು ಬಂದರೆ ಗೆರೆಯನ್ನೇ ತಿಂದುಹಾಕುತ್ತದೆ. ಉಳಿದವುಗಳ ಕಷ್ಟ ಇನ್ನೊಂದು ಬಗೆಯದು, ನನ್ನಂಥ ಡೇಟಾಬೇಸ್ ಮಂದಿಗೆ ಹೊಟ್ಟೆ ಕಿವುಚುವಂಥದ್ದು. ದನಿ ಇದೆ, ಹೆಸರಿಲ್ಲ. ಹೆಸರಿದ್ದರೆ ರೋಮನ್ ಅಕ್ಷರದಲ್ಲಿ ಇದೆ. ಚೀನೀ ಮಾತಿನಲ್ಲಿ ಒಂದೇ ಸದ್ದು ಏರಿದರೆ ಒಂದು ಅರ್ಥ, ಇಳಿದರೆ ಇನ್ನೊಂದು. ಗುಮಾಸ್ತ ಆ ಏರಿಳಿತ ಬರೆದುಕೊಂಡಿಲ್ಲ. ‘ಲೀ’ ಅಂತ ಬರೆದಿದ್ದರೆ ಯಾವ ಲೀ? ಕ್ಯಾಂಟನ್ನಿನ ಕಿವಿಗೋ, ಬೀಜಿಂಗಿನ ಕಿವಿಗೋ? ಇವತ್ತು ಇದನ್ನು ಬಿಡಿಸುತ್ತಿರುವವರು ಆಪೆರಾ ಬಲ್ಲ ಸಂಗ್ರಾಹಕರು, ವಿದ್ವಾಂಸರು. ಹಾಡು ಕೇಳಿ, ಕಥಾಭಾಗ ಗುರುತಿಸಿ, ಆ ಕಾಲದ ಕ್ಯಾಟಲಾಗಿನ ಜೊತೆ ತಾಳೆ ನೋಡಿ, ಕಳೆದುಹೋದ ಅಕ್ಷರಗಳನ್ನು ಒಂದೊಂದಾಗಿ ವಾಪಸ್ ಬರೆಯುತ್ತಾರೆ. ಇದನ್ನು ಯಂತ್ರಕ್ಕೆ ಒಪ್ಪಿಸಬಹುದಲ್ಲ ಅಂತ ನಮ್ಮ ವೃತ್ತಿಯವರಿಗೆ ತಕ್ಷಣ ಅನ್ನಿಸುತ್ತದೆ. ಒಪ್ಪಿಸಬಹುದು. ಆದರೆ ನೂರಿಪ್ಪತ್ತು ವರ್ಷದ ಹಿಂದಿನ ರಂಗಭಾಷೆಯನ್ನು ಯಂತ್ರಕ್ಕೆ ಕಲಿಸಬೇಕಿದ್ದರೆ ಕಲಿಸಲು ಬೇಕಾದ ದನಿ ಇರುವುದೇ ಈ ಉರುಳೆಗಳಲ್ಲಿ, ಬರೆದಿಟ್ಟ ಅರ್ಥ ಇರುವುದು ಆ ಕೆಲವರ ತಲೆಯಲ್ಲಿ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾ ಬಾರ್ಬರಾ ಗ್ರಂಥಾಲಯದವರು ತಮ್ಮಲ್ಲಿರುವ ಮೇಣದ ಉರುಳೆಗಳನ್ನು ಕಂಪ್ಯೂಟರಿಗೆ ಇಳಿಸಿ ಯಾರು ಬೇಕಾದರೂ ಬಿಟ್ಟಿಯಾಗಿ ಕೇಳಲು ಇಟ್ಟಿದ್ದಾರೆ. ಅದರಲ್ಲಿ ಎಡಿಸನ್ನಿನ ಚೀನೀ ಉರುಳೆಗಳೂ ಇವೆ. ಕೇಳುವುದಾದರೆ ಹೆಡ್‌ಫೋನ್ ಹಾಕಿಕೊಳ್ಳಿ, ಮೊದಲು ವಾಲ್ಯೂಮ್ ಕಡಿಮೆ ಇಟ್ಟುಕೊಳ್ಳಿ. ಒಂದಷ್ಟು ಹೊತ್ತು ಎಣ್ಣೆಯಲ್ಲಿ ಸಾಸಿವೆ ಸಿಡಿದಂತೆ ಚಟಪಟ. ಆಮೇಲೆ ದೂರದಲ್ಲೆಲ್ಲೋ ಜಾಗಟೆ. ಅದರ ಹಿಂದೆ ಒಂದು ದನಿ, ಕಹಳೆಯೊಳಗೆ ಮುಖವಿಟ್ಟು, ಎರಡು ನಿಮಿಷ ಮುಗಿಯುವುದರೊಳಗೆ ಎಷ್ಟಾಗುತ್ತೋ ಅಷ್ಟು ಹಾಡಿಬಿಡಬೇಕು ಅನ್ನುವ ಅವಸರದಲ್ಲಿ.